ಯಾರಿಗೂ ಬೇಡವಾದ ನಾಯಿಗಳೇ ಸ್ಟಾರ್ ಆದವು



ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದ್ರು, ಯಾರು ದೆಹಲಿಗೆ ಹೋದ್ರು, ಯಾರು ಬರಿಗೈಲಿ ವಾಪಸ್ ಬಂದ್ರು, ಅದನ್ನೆಲ್ಲ ನಾಳೆ ನೋಡೋಣ. ಅದು ಎಲ್ಲೂ ಹೋಗಲ್ಲ, ನಾಳೆಯೂ ಹಾಗೇ ಇರುತ್ತೆ. ಇವತ್ತು ನಾಯಿಗಳ ಬಗ್ಗೆ ಮಾತಾಡೋಣ. ಸಿನಿಮಾ ನಾಯಿಗಳ ಬಗ್ಗೆ. ನಗಬೇಡಿ ಸ್ವಾಮಿ, ವಿಷಯ ಸೀರಿಯಸ್ಸಾಗಿದೆ. ಪರದೆ ಮೇಲೆ ಶುರುವಾಗುವ ಈ ಕಥೆ ಕೊನೆಗೆ ನಮ್ಮ ನಿಮ್ಮ ಬೀದಿಗೇ ಬಂದು ನಿಲ್ಲುತ್ತೆ.

ಮೊದಲು ಒಂದು ಸಣ್ಣ ಪ್ರಶ್ನೆ. ಸಿನಿಮಾದ ನಾಯಿ ಅಂದ ತಕ್ಷಣ ನಿಮಗೆ ಯಾವುದು ನೆನಪಾಗುತ್ತೆ? ನಿಮ್ಮ ಉತ್ತರ ಕೇಳಿದ್ರೆ ನಿಮ್ಮ ವಯಸ್ಸು ಹೇಳಬಹುದು. ಐವತ್ತು ದಾಟಿದವರು 'ತಾಳಿಯ ಭಾಗ್ಯ' ಅಂತೀರಿ. 1984ರ ಸಿನಿಮಾ, ನಮ್ಮ ಶಂಕರ್‌ನಾಗ್ ಇದ್ದ ಸಿನಿಮಾ. ಅದೇ ಕಥೆ ಮರುವರ್ಷ ಹಿಂದಿಗೆ ಹೋಗಿ 'ತೇರಿ ಮೆಹರ್‌ಬಾನಿಯಾಂ' ಆಯಿತು. ಜಾಕಿ ಶ್ರಾಫ್ ಹೀರೋ. ಹೀರೋ ಸತ್ತ ಮೇಲೆ ಸೇಡು ತೀರಿಸಿಕೊಳ್ಳೋದು ಅವನ ನಾಯಿ. ನಾಯಿ ಸೇಡು ತೀರಿಸಿಕೊಳ್ಳೋ ಹಿಂದಿ ಸಿನಿಮಾ ಎಲ್ಲರಿಗೂ ಗೊತ್ತು, ಅದರ ಬೇರು ಕನ್ನಡದಲ್ಲಿದೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ನಲವತ್ತರ ಆಸುಪಾಸಿನವರಾದ್ರೆ ಟಫಿ ಅಂತೀರಿ. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಬಿಳಿ ನಾಯಿ. ಕ್ರಿಕೆಟ್ ಮ್ಯಾಚಿಗೆ ಅಂಪೈರ್ ಆಗಿತ್ತಲ್ಲ, ಕೊನೆಯಲ್ಲಿ ಪತ್ರ ತೆಗೆದುಕೊಂಡು ಹೋಗಿ ಇಡೀ ಕಥೆಯ ಗಂಟು ಬಿಡಿಸಿತಲ್ಲ, ಅದೇ.

ಇನ್ನು ಇಪ್ಪತ್ತರ ಹುಡುಗ ಹುಡುಗಿಯರನ್ನು ಕೇಳೋದೇ ಬೇಡ. ಒಂದೇ ಉತ್ತರ. ಚಾರ್ಲಿ.

'777 ಚಾರ್ಲಿ' 2022ರ ಜೂನ್ 10ಕ್ಕೆ ಬಿಡುಗಡೆ ಆಯ್ತು. ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ಅಭಿನಯ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಸಿನಿಮಾ ನೋಡಿ ಕ್ಯಾಮೆರಾಗಳ ಮುಂದೆಯೇ ಕಣ್ಣೀರು ಹಾಕಿದ್ರು. ಅದಕ್ಕೆ ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ಸನ್ನಿ ತೀರಿಕೊಂಡಿತ್ತು. ಮುಂದೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ಸರಿ, ಇದೆಲ್ಲ ನಿಮಗೆ ಗೊತ್ತಿರೋದೇ. ಆದರೆ ಆ ಸಿನಿಮಾದ ಕಥೆ ಏನು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಅಕ್ರಮವಾಗಿ ನಾಯಿ ಮರಿ ಹಾಕಿಸಿ ಮಾರುವವನ ಹಿಡಿತದಿಂದ ತಪ್ಪಿಸಿಕೊಂಡು ಬಂದ ಒಂದು ಲ್ಯಾಬ್ರಡಾರ್. ಬೀದಿಯಲ್ಲಿ ಅಲೆಯುತ್ತೆ. ಧರ್ಮನಿಗೂ ಮೊದಲು ಅದು ಬೇಡ. ಓಡಿಸ್ತಾನೆ, ಬಯ್ತಾನೆ. ಆಮೇಲೆ ಹಚ್ಚಿಕೊಳ್ತಾನೆ. ಹಚ್ಚಿಕೊಂಡ ಮೇಲೆ ಗೊತ್ತಾಗುತ್ತೆ, ಅದಕ್ಕೆ ಕ್ಯಾನ್ಸರ್ ಇದೆ ಅಂತ. ಒಂದೇ ರಕ್ತದ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿ ಮರಿ ಹಾಕಿಸಿದ್ದರ ಫಲ ಅದು. ಅಂದ್ರೆ ಆ ಸಿನಿಮಾದ ವಿಲನ್ ಯಾರು? ನಾಯಿ ಮರಿಯ ವ್ಯಾಪಾರ.

ಈಗ ಕೇಳಿ. ಆ ಸಿನಿಮಾ ಟಿವಿಯಲ್ಲಿ ಬಂದ ಮೇಲೆ ನಮ್ಮ ವೀಕ್ಷಕರೊಬ್ಬರು ನನಗೊಂದು ಮೆಸೇಜ್ ಕಳಿಸಿದ್ರು. "ಸಾರ್, ಮಗಳು ಸಿನಿಮಾ ನೋಡಿ ಎರಡು ದಿನ ಅತ್ತಿದ್ದಾಳೆ. ಈಗ ಚಾರ್ಲಿನೇ ಬೇಕು ಅಂತ ಹಟ. ಪ್ಯೂರ್ ಬ್ರೀಡ್ ಎಲ್ಲಿ ಸಿಗುತ್ತೆ, ರೇಟು ಎಷ್ಟಾಗುತ್ತೆ, ನಿಮ್ಮ ರಿಪೋರ್ಟರ್‌ಗಳಿಗೆ ಗೊತ್ತಿರುತ್ತಲ್ಲ?" ಆ ತಂದೆಯ ಮೇಲೆ ನನಗೆ ಕೋಪ ಇಲ್ಲ. ಮಗಳ ಕಣ್ಣೀರು ನೋಡಿದ ಅಪ್ಪ ಇನ್ನೇನು ಕೇಳ್ತಾನೆ? ಆದರೆ ನಾಯಿ ಮರಿ ವ್ಯಾಪಾರದ ವಿರುದ್ಧ ತೆಗೆದ ಸಿನಿಮಾ ನೋಡಿ ಅತ್ತು, ಕಣ್ಣು ಒರೆಸಿಕೊಂಡು, ಸೀದಾ ನಾಯಿ ಮರಿ ವ್ಯಾಪಾರಿಯ ನಂಬರ್ ಹುಡುಕ್ತೀವಲ್ಲ, ಇದು ಯಾಕೆ ಹೀಗೆ? ಅವರಿಗೆ ಎರಡು ಸಾಲಿನ ಉತ್ತರ ಸಾಲಲ್ಲ ಅನ್ನಿಸ್ತು. ಅದಕ್ಕೇ ಇವತ್ತಿನ ಈ ಮಾತು.

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಜಗತ್ತಿನ ದೊಡ್ಡ ದೊಡ್ಡ ನಾಯಿ ಸ್ಟಾರ್‌ಗಳು ಬಂದಿದ್ದು ಎಲ್ಲಿಂದ?

1918ನೇ ಇಸವಿ. ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳು. ಫ್ರಾನ್ಸ್‌ನ ಫ್ಲಿರೇ ಅನ್ನೋ ಹಳ್ಳಿ. ಲೀ ಡಂಕನ್ ಅನ್ನೋ ಅಮೆರಿಕದ ಸೈನಿಕ ಬಾಂಬಿಗೆ ಸಿಕ್ಕಿ ನುಚ್ಚುನೂರಾಗಿದ್ದ ಒಂದು ನಾಯಿಗೂಡಿನೊಳಗೆ ಇಣುಕಿದ. ಒಳಗೆ ಹಸಿದು ಬಳಲಿದ ಒಂದು ತಾಯಿ ನಾಯಿ, ಅದರ ಪುಟ್ಟ ಮರಿಗಳು. ಅವನು ಎರಡು ಮರಿಗಳನ್ನು ತಾನೇ ಇಟ್ಟುಕೊಂಡ. ಆಗ ಫ್ರಾನ್ಸಿನ ಮಕ್ಕಳು ಅದೃಷ್ಟಕ್ಕೆ ಅಂತ ಸೈನಿಕರಿಗೆ ಕೊಡುತ್ತಿದ್ದ ದಾರದ ಗೊಂಬೆಗಳ ಹೆಸರನ್ನೇ ಅವಕ್ಕೆ ಇಟ್ಟ. ಹೆಣ್ಣು ಮರಿ ಅಮೆರಿಕ ತಲುಪಿದ ಮೇಲೆ ಉಳಿಯಲಿಲ್ಲ. ಗಂಡು ಮರಿ ಉಳಿಯಿತು. ಅದರ ಹೆಸರು ರಿನ್ ಟಿನ್ ಟಿನ್. 1923ರಲ್ಲಿ 'ವೇರ್ ದಿ ನಾರ್ತ್ ಬಿಗಿನ್ಸ್' ಬಂತು. ಆ ಜರ್ಮನ್ ಶೆಫರ್ಡ್ ಜಗತ್ತಿಗೇ ಸ್ಟಾರ್ ಆಯಿತು. ಅವತ್ತಿನ ವಾರ್ನರ್ ಬ್ರದರ್ಸ್ ಇನ್ನೂ ಕಷ್ಟದಲ್ಲಿದ್ದ ಚಿಕ್ಕ ಕಂಪನಿ. ಅದನ್ನು ಕೈಹಿಡಿದು ಎತ್ತಿದ್ದರಲ್ಲಿ ಈ ನಾಯಿಯ ಪಾಲು ದೊಡ್ಡದು ಅಂತ ಹಾಲಿವುಡ್ ಇವತ್ತಿಗೂ ಹೇಳುತ್ತೆ. 1932ರಲ್ಲಿ ಅದು ಸತ್ತಿತು. ಸಮಾಧಿ ಇರೋದು ಪ್ಯಾರಿಸ್ ಪಕ್ಕದ ನಾಯಿಗಳ ಸ್ಮಶಾನದಲ್ಲಿ. ಯುದ್ಧದ ಅವಶೇಷದ ನಡುವೆ ಸಿಕ್ಕ ಮರಿ ಸ್ವಾಮಿ ಅದು.

ಅದೇ 1918ರಲ್ಲಿ ಚಾರ್ಲಿ ಚಾಪ್ಲಿನ್ 'ಎ ಡಾಗ್ಸ್ ಲೈಫ್' ಅಂತ ಸಿನಿಮಾ ತೆಗೆದ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ 'ನಾಯಿಪಾಡು'. ಕೆಲಸ ಇಲ್ಲ, ಮನೆ ಇಲ್ಲ, ಅಂಥ ಒಬ್ಬ ಅಲೆಮಾರಿ. ಅವನ ಜೊತೆಗೊಂದು ಬೀದಿ ನಾಯಿ. ಇಬ್ಬರದೂ ಒಂದೇ ಪಾಡು. ಅದರಲ್ಲಿ ಅಭಿನಯಿಸಿದ ನಾಯಿ ಜಾತಿ ನಾಯಿ ಅಲ್ಲ, ಬೆರಕೆ. ನಮ್ಮ ಧರ್ಮ ತನ್ನ ನಾಯಿಗೆ ಚಾರ್ಲಿ ಅಂತ ಹೆಸರಿಟ್ಟಿದ್ದು ಚಾಪ್ಲಿನ್ ಮೇಲಿನ ಪ್ರೀತಿಗೇ.

ಮುಂದೆ ಹೋಗೋಣ. 1939. 'ದಿ ವಿಜಾರ್ಡ್ ಆಫ್ ಆಝ್'. ಡೊರೊಥಿಯ ತೋಳಲ್ಲಿ ಯಾವಾಗಲೂ ಇರುವ ಟೋಟೋ ಅನ್ನೋ ಪುಟ್ಟ ನಾಯಿ. ಟೋಟೋ ಗಂಡು, ಅಭಿನಯಿಸಿದ ಟೆರ್ರಿ ಹೆಣ್ಣು. ಅದರ ಮೊದಲ ಮಾಲೀಕರು ಮನೆಯಲ್ಲಿ ಗಲೀಜು ಮಾಡುತ್ತೆ, ಮಾತು ಕೇಳಲ್ಲ ಅಂತ ಕಾರ್ಲ್ ಸ್ಪಿಟ್ಜ್ ಅನ್ನೋ ತರಬೇತುದಾರನ ಹತ್ತಿರ ಬಿಟ್ಟು ಹೋದ್ರು. ತರಬೇತಿ ಮುಗೀತು. ಬಿಲ್ ಕಟ್ಟೋಕೆ ಯಾರೂ ಬರಲಿಲ್ಲ. ನಾಯಿ ಕರೆದುಕೊಂಡು ಹೋಗೋಕೂ ಯಾರೂ ಬರಲಿಲ್ಲ. ಅಲ್ಲೇ ಉಳಿಯಿತು. 'ವಿಜಾರ್ಡ್ ಆಫ್ ಆಝ್' ಸಿನಿಮಾಕ್ಕೆ ಅದರ ವಾರದ ಸಂಬಳ 125 ಡಾಲರ್. ಅದೇ ಸಿನಿಮಾದಲ್ಲಿ ಕುಳ್ಳರ ಊರಿನ ಜನರಾಗಿ ಅಭಿನಯಿಸಿದ ಎಷ್ಟೋ ಮನುಷ್ಯರಿಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ.

1943. 'ಲ್ಯಾಸಿ ಕಮ್ ಹೋಮ್'. ಬಡತನದಿಂದ ಮಾರಿಬಿಟ್ಟ ನಾಯಿ ನೂರಾರು ಮೈಲಿ ನಡೆದು ತನ್ನ ಹುಡುಗನನ್ನು ಹುಡುಕಿಕೊಂಡು ಬರುವ ಕಥೆ. ಲ್ಯಾಸಿಯಾಗಿ ಅಭಿನಯಿಸಿದ ನಾಯಿಯ ಹೆಸರು ಪ್ಯಾಲ್. ಇಲ್ಲಿ ಉಲ್ಟಾ, ಲ್ಯಾಸಿ ಹೆಣ್ಣು, ಪ್ಯಾಲ್ ಗಂಡು. ಸುಮ್ಮನೆ ಬೊಗಳುತ್ತೆ, ಮೋಟಾರ್‌ಸೈಕಲ್ ಹಿಂದೆ ಓಡುತ್ತೆ ಅಂತ ಮಾಲೀಕ ಅದನ್ನು ರಡ್ ವೆದರ್‌ವ್ಯಾಕ್ಸ್ ಅನ್ನೋ ತರಬೇತುದಾರನ ಹತ್ತಿರ ತಂದ. ಬೊಗಳೋದು ಕಡಿಮೆ ಆಯ್ತು, ಬೈಕ್ ಹಿಂದೆ ಓಡೋದು ನಿಲ್ಲಲಿಲ್ಲ. ಮಾಲೀಕನಿಗೆ ಸಾಕಾಯ್ತು. 10 ಡಾಲರ್ ಫೀಸು ಕೊಡೋ ಬದಲು ನಾಯಿಯನ್ನೇ ಬಿಟ್ಟುಬಿಟ್ಟ. ಸಿನಿಮಾದವರೂ ಮೊದಲು ಬೇಡ ಅಂದ್ರು, ಬೇರೆ ಹೆಣ್ಣು ನಾಯಿ ಆರಿಸಿಕೊಂಡ್ರು. ಆಮೇಲೆ ಪ್ರವಾಹದ ನದಿ ಈಜುವ ದೃಶ್ಯ ಬಂತು. ಅದನ್ನು ಪ್ಯಾಲ್ ಮಾಡಿ ತೋರಿಸಿತು. ಪಾತ್ರ ಅದರದ್ದೇ ಆಯಿತು. ಮುಂದಿನ ಎಷ್ಟೋ ವರ್ಷ ಲ್ಯಾಸಿ ಪಾತ್ರ ಮಾಡಿದ್ದು ಇದೇ ಪ್ಯಾಲ್‌ನ ಮಕ್ಕಳು, ಮೊಮ್ಮಕ್ಕಳು. ಹತ್ತು ಡಾಲರ್ ಉಳಿಸಿಕೊಂಡ ಆ ಮಾಲೀಕನ ಕಥೆ ಏನಾಯ್ತೋ!

1957ರ 'ಓಲ್ಡ್ ಯೆಲ್ಲರ್'. ಆ ಹಳದಿ ನಾಯಿಯ ನಿಜವಾದ ಹೆಸರು ಸ್ಪೈಕ್. ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಅನ್ನೋ ಕಡೆ ಇದ್ದ ಪ್ರಾಣಿ ಆಶ್ರಯಧಾಮದಿಂದ ತಂದ ಮರಿ. ಕೊಟ್ಟಿದ್ದು 3 ಡಾಲರ್. 1974ರ 'ಬೆಂಜಿ'. ಅದರ ನಾಯಿ ಹಿಗಿನ್ಸ್. ಬರ್ಬ್ಯಾಂಕ್‌ನ ಆಶ್ರಯಧಾಮದಿಂದ ಫ್ರಾಂಕ್ ಇನ್ ಅನ್ನೋ ತರಬೇತುದಾರ ಕರೆತಂದ ಬೆರಕೆ ನಾಯಿ. 'ಬೆಂಜಿ' ಮಾಡುವಾಗ ಅದಕ್ಕೆ ಮುದಿ ವಯಸ್ಸು, ರಿಟೈರ್ ಆಗಿ ಮನೆಯಲ್ಲಿ ಮಲಗಬೇಕಾದ ಕಾಲ. ಆಗ ಬಂದು ಹಿಟ್ ಕೊಟ್ಟಿತು.

ಇನ್ನೂ ಹತ್ತಿರಕ್ಕೆ ಬನ್ನಿ. 2011ರ 'ದಿ ಆರ್ಟಿಸ್ಟ್'. ಮಾತಿಲ್ಲದ ಕಪ್ಪುಬಿಳುಪು ಸಿನಿಮಾ, ಮರುವರ್ಷ ಅತ್ಯುತ್ತಮ ಚಿತ್ರದ ಆಸ್ಕರ್ ತೆಗೆದುಕೊಂಡ ಸಿನಿಮಾ. ಅದರಲ್ಲಿ ಹೀರೋ ಜೊತೆ ಇರುವ ಜ್ಯಾಕ್ ರಸೆಲ್ ಟೆರಿಯರ್, ಅಗ್ಗಿ. ಎರಡು ಮನೆಯವರು ಅದನ್ನು ಸಾಕೋಕಾಗಲ್ಲ ಅಂತ ಕೈಬಿಟ್ಟಿದ್ದರು. ತುಂಬಾ ತುಂಟ, ಬೆಕ್ಕು ಕಂಡ್ರೆ ಬಿಡಲ್ಲ, ಒಂದು ಕಡೆ ಕೂರಲ್ಲ. ಇನ್ನೇನು ನಾಯಿ ದೊಡ್ಡಿಗೆ ಹೋಗಬೇಕಿತ್ತು, ಓಮರ್ ವಾನ್ ಮುಲ್ಲರ್ ಅನ್ನೋ ತರಬೇತುದಾರ ಇಟ್ಟುಕೊಂಡ. ಕಾನ್ ಚಿತ್ರೋತ್ಸವದಲ್ಲಿ ನಾಯಿಗಳಿಗೇ ಅಂತ ಒಂದು ತಮಾಷೆಯ ಪ್ರಶಸ್ತಿ ಇದೆ, ಪಾಮ್ ಡಾಗ್ ಅಂತ, 2001ರಿಂದ ಕೊಡ್ತಿದ್ದಾರೆ. 2011ರಲ್ಲಿ ಅದು ಸಿಕ್ಕಿದ್ದು ಅಗ್ಗಿಗೆ.

ಈಗ ಲೆಕ್ಕ ಹಾಕಿ. ರಿನ್ ಟಿನ್ ಟಿನ್ ಯುದ್ಧದಲ್ಲಿ ಅನಾಥ. ಟೆರ್ರಿಯನ್ನು ಬಿಟ್ಟು ಹೋದ್ರು. ಪ್ಯಾಲ್‌ನನ್ನು ಫೀಸಿನ ಬದಲು ಕೊಟ್ರು. ಸ್ಪೈಕ್, ಹಿಗಿನ್ಸ್ ಇಬ್ಬರೂ ಆಶ್ರಯಧಾಮದವರು. ಅಗ್ಗಿ ಎರಡು ಸಲ ಕೈಬಿಟ್ಟ ನಾಯಿ. ಆರಕ್ಕೆ ಆರೂ ಯಾರಿಗೋ ಬೇಡವಾದ ನಾಯಿಗಳು. ಎಲ್ಲ ಸಿನಿಮಾ ನಾಯಿಗಳೂ ಹೀಗೇ ಅಂತ ನಾನು ಹೇಳಲ್ಲ. 1905ರಲ್ಲಿ ಇಂಗ್ಲೆಂಡಿನಲ್ಲಿ ಸೆಸಿಲ್ ಹೆಪ್‌ವರ್ತ್ ತೆಗೆದ 'ರೆಸ್ಕ್ಯೂಡ್ ಬೈ ರೋವರ್' ಚಿತ್ರದ ನಾಯಿ ಅವನ ಮನೆಯದೇ, ಹೆಸರು ಬ್ಲೇರ್. ಕದ್ದೊಯ್ದ ಮಗುವನ್ನು ನಾಯಿ ಹುಡುಕಿಕೊಡುವ ಏಳೇ ನಿಮಿಷದೊಳಗಿನ ಕಥೆ. ಪ್ರಿಂಟ್ ತೆಗೆದೂ ತೆಗೆದೂ ನೆಗೆಟಿವ್ ಸವೆದು ಹೋಗಿ ಅದೇ ಸಿನಿಮಾವನ್ನು ಎರಡು ಸಲ ಮತ್ತೆ ಶೂಟ್ ಮಾಡಿದ್ರು, ಅಷ್ಟು ಡಿಮ್ಯಾಂಡು! ಹಾಗಾಗಿ ಪ್ರೀತಿಯ ಮನೆ ನಾಯಿಗಳೂ ಇದ್ದವು. ಆದರೂ ಇಷ್ಟು ದೊಡ್ಡ ದೊಡ್ಡ ಹೆಸರುಗಳು ಒಂದೇ ದಾರಿಯಲ್ಲಿ ಬಂದಿವೆ ಅಂದ್ರೆ ಅದಕ್ಕೊಂದು ಅರ್ಥ ಇದೆ. ನಾವು ಯಾವುದನ್ನು ಕಾಟ ಅಂದ್ವೋ, ಸುಮ್ಮನಿರಲ್ಲ, ಓಡುತ್ತೆ, ಬೊಗಳುತ್ತೆ ಅಂದ್ವೋ, ಅದನ್ನೇ ತಾಳ್ಮೆ ಇದ್ದ ಒಬ್ಬ ಮನುಷ್ಯ ಕೆಲಸಕ್ಕೆ ಹಚ್ಚಿದ. ಅಷ್ಟೇ. ನಾಯಿ ಬದಲಾಗಲಿಲ್ಲ, ಸಾಕಿದ ಕೈ ಬದಲಾಯಿತು.

ನಿಜ ಜೀವನದಿಂದ ಸಿನಿಮಾಕ್ಕೆ ಬಂದ ಒಂದು ಉದಾಹರಣೆ ಹೇಳಲೇಬೇಕು. ಜಪಾನಿನ ಹಾಚಿಕೋ. 2009ರಲ್ಲಿ ರಿಚರ್ಡ್ ಗೇರ್ ಅಭಿನಯದ 'ಹಾಚಿ' ನೋಡಿರ್ತೀರಿ. ಅದಕ್ಕೂ ಮುಂಚೆ 1987ರಲ್ಲೇ ಜಪಾನಿನವರು ಸಿನಿಮಾ ತೆಗೆದಿದ್ರು. ಟೋಕಿಯೋದ ಪ್ರೊಫೆಸರ್ ಉಎನೋ 1925ರ ಮೇ ತಿಂಗಳಲ್ಲಿ ತೀರಿಕೊಂಡರು. ಶಿಬುಯಾ ಸ್ಟೇಷನ್ನಿನಲ್ಲಿ ಅವರಿಗಾಗಿ ಕಾಯುತ್ತಿದ್ದ ಅವರ ನಾಯಿ 1935ರ ಮಾರ್ಚ್‌ನಲ್ಲಿ ತಾನು ಸಾಯುವವರೆಗೂ ಕಾಯಿತು. ಹತ್ತಿರ ಹತ್ತಿರ ಹತ್ತು ವರ್ಷ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಭಾಗ ಒಂದಿದೆ. ಮೊದಮೊದಲು ಸ್ಟೇಷನ್ನಿನವರಿಗೆ ಅದೊಂದು ಕಾಟ. ಓಡಿಸ್ತಿದ್ರು, ಹೊಡೀತಿದ್ರು, ಹುಡುಗರು ಅದರ ಮುಖಕ್ಕೆ ಬಣ್ಣ ಬಳೀತಿದ್ರು. 1932ರಲ್ಲಿ ಪತ್ರಿಕೆಯಲ್ಲಿ ಅದರ ಸುದ್ದಿ ಬಂತು. ಬಂದ ಮೇಲೆ ಎಲ್ಲರೂ ತಿಂಡಿ ಹಾಕಿದ್ದೇ ಹಾಕಿದ್ದು. 1934ರಲ್ಲಿ, ಅದು ಬದುಕಿದ್ದಾಗಲೇ, ಪ್ರತಿಮೆ ಎದ್ದಿತು! ಅದೇ ನಾಯಿ, ಅದೇ ಸ್ಟೇಷನ್, ಅದೇ ಜನ. ಮಧ್ಯೆ ಬಂದಿದ್ದು ಒಂದು ಸುದ್ದಿ ಮಾತ್ರ. ಕ್ಯಾಮೆರಾ ಮುಂದೆ ಕೂತು ಮಾತಾಡೋ ನನ್ನಂಥವನಿಗೆ ಇದು ಮರೆಯಬಾರದ ವಿಷಯ. ನಾವು ತೋರಿಸಿದ್ದನ್ನು ಜನ ಪ್ರೀತಿಸ್ತಾರೆ. ನಾವು ತೋರಿಸದೆ ಇರುವ ಸಾವಿರ ಹಾಚಿಕೋಗಳಿಗೆ ಕಲ್ಲೇ ಗತಿ.

ಹಾಗಾದ್ರೆ ತೋರಿಸಿದ ಮೇಲೆ ಏನಾಗುತ್ತೆ? ಅಲ್ಲೇ ಇರೋದು ತೊಂದರೆ.

2014ರಲ್ಲಿ 'ಪ್ಲಾಸ್ ಒನ್' ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಕೆನಲ್ ಕ್ಲಬ್‌ನ ನೋಂದಣಿ ಪುಸ್ತಕ ಇಟ್ಟುಕೊಂಡು 87 ನಾಯಿ ಸಿನಿಮಾಗಳ ಪರಿಣಾಮ ಅಳೆದರು. ಲ್ಯಾಸಿ ಸಿನಿಮಾ ಬಂದ ಎರಡೇ ವರ್ಷದಲ್ಲಿ ಕೋಲಿ ತಳಿಯ ನೋಂದಣಿ 40 ಪರ್ಸೆಂಟ್ ಏರಿತ್ತು. 1959ರಲ್ಲಿ 'ದಿ ಶ್ಯಾಗಿ ಡಾಗ್' ಬಂದ ಮೇಲೆ ಕಣ್ಣು ಮುಚ್ಚುವಷ್ಟು ಕೂದಲಿನ ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್ ನೂರು ಪಟ್ಟು ಏರಿತು. ನೂರು ಪರ್ಸೆಂಟ್ ಅಲ್ಲ ವೀಕ್ಷಕರೇ, ನೂರು ಪಟ್ಟು. ಒಂದು ಸಿನಿಮಾದ ಪರಿಣಾಮ ಹತ್ತು ವರ್ಷದವರೆಗೂ ಇರಬಹುದು ಅಂತ ಆ ಅಧ್ಯಯನ ಹೇಳಿತು. ಇತ್ತೀಚಿನ ಸಿನಿಮಾಗಳ ಪ್ರಭಾವ ಹಳೆಯವುಗಳಷ್ಟಿಲ್ಲ ಅಂತಲೂ ಹೇಳಿತು.

ಕೊಂಡವರು ಎಲ್ಲರೂ ಸಾಕಿದ್ರಾ? 1996ರಲ್ಲಿ '101 ಡಾಲ್ಮೇಷಿಯನ್ಸ್' ಬಂತು. ಬಿಳಿ ಮೈ, ಕಪ್ಪು ಚುಕ್ಕಿ, ಮುದ್ದೋ ಮುದ್ದು. ಮಕ್ಕಳೆಲ್ಲ ಬೇಕು ಅಂದ್ರು. ಮರುವರ್ಷವೇ ಅಮೆರಿಕದ ಆಶ್ರಯಧಾಮಗಳು ಡಾಲ್ಮೇಷಿಯನ್‌ಗಳನ್ನು ತಂದು ಬಿಡ್ತಿದ್ದಾರೆ ಅಂತ ಗೋಳಾಡೋಕೆ ಶುರು ಮಾಡಿದವು. ಆ ನಾಯಿ ಹಿಂದೆ ಕುದುರೆಗಾಡಿಗಳ ಜೊತೆ ಮೈಲಿಗಟ್ಟಲೆ ಓಡೋಕೆ ಬೆಳೆಸಿದ ತಳಿ. ಫ್ಲಾಟಿನಲ್ಲಿ ಕಟ್ಟಿ ಹಾಕಿದ್ರೆ ಹುಚ್ಚು ಹಿಡಿದ ಹಾಗೆ ಆಡುತ್ತೆ. ಜೊತೆಗೆ ಹುಟ್ಟು ಕಿವುಡು ಆ ತಳಿಯಲ್ಲಿ ಹೆಚ್ಚು. ಸಿನಿಮಾದಲ್ಲಿ ಇದ್ಯಾವುದೂ ಹೇಳಲ್ವಲ್ಲ! ಆಮೇಲೆ 'ಗೇಮ್ ಆಫ್ ಥ್ರೋನ್ಸ್' ಬಂತು. ಅದರ ತೋಳಗಳನ್ನು ನೋಡಿ ಜನ ಹಸ್ಕಿ ನಾಯಿ ಕೊಂಡ್ರು, ಕೊಂಡು ಬಿಟ್ರು. 2017ರಲ್ಲಿ ಆ ಸರಣಿಯ ನಟ ಪೀಟರ್ ಡಿಂಕ್ಲೇಜ್ ಅವರೇ ಮುಂದೆ ಬಂದು, ದಯವಿಟ್ಟು ಹೀಗೆ ಕೊಳ್ಳಬೇಡಿ, ಆಶ್ರಯಧಾಮದಿಂದ ದತ್ತು ತಗೊಳ್ಳಿ ಅಂತ ಕೇಳಿಕೊಳ್ಳಬೇಕಾಯ್ತು.

ನಮ್ಮಲ್ಲಿ? ನಮ್ಮಲ್ಲಿ ಸಿನಿಮಾಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಒಂದು ಜಾಹೀರಾತು. 2003. ಹಚ್ ಮೊಬೈಲ್ ಕಂಪನಿಯದು. ಹುಡುಗ ಎಲ್ಲಿ ಹೋದರೂ ಹಿಂದೆಯೇ ಹೋಗುವ ಒಂದು ಚಪ್ಪಟೆ ಮೂಗಿನ ನಾಯಿ. ನಾನಾಗ ಶಾಲೆಯಲ್ಲಿದ್ದೆ. ಪಗ್ ಅನ್ನೋ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅದು 'ಹಚ್ ನಾಯಿ'. ಕಂಪನಿಯ ಹೆಸರು ಬದಲಾಗಿ ಎಷ್ಟೋ ವರ್ಷ ಆದ್ರೂ ಇವತ್ತಿಗೂ ಅದು ಹಚ್ ನಾಯಿನೇ. ಅದರ ಮೂಗು ಚಿಕ್ಕದು, ಉಸಿರಾಟದ ದಾರಿ ಕಿರಿದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋಕಾಗಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಉಸಿರಾಟವೇ ಕಷ್ಟ ಇರುವ ನಾಯಿಯನ್ನು ರಾಯಚೂರು, ಕಲಬುರಗಿ ಬಿಸಿಲಿಗೆ ತಂದರೆ ಏಪ್ರಿಲ್, ಮೇ ತಿಂಗಳಲ್ಲಿ ಅದರ ಗತಿ ಏನು? ಮುದ್ದಾಗಿ ಗೊರಕೆ ಹೊಡೀತಿದೆ ಅಂತ ನಾವು ವಿಡಿಯೋ ಮಾಡ್ತೀವಿ. ಅದು ಗೊರಕೆ ಅಲ್ಲ, ಉಸಿರಿಗೆ ಒದ್ದಾಟ.

ನಾನು ಓದಿದ್ದು ಇಂಜಿನಿಯರಿಂಗ್. ಮಾಡ್ತಿರೋದು ಬೇರೆ ಕೆಲಸ ಬಿಡಿ, ನನ್ನ ಬ್ಯಾಚಿನ ಅರ್ಧ ಜನರ ಕಥೆ ಅದೇ. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಸಬ್ಜೆಕ್ಟ್ ಇತ್ತು. ಅದರಲ್ಲಿ ಕಲಿತ ಒಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತೆ. ಬಚ್ಚಲುಮನೆಯಲ್ಲಿ ಗೀಸರ್ ನಲ್ಲಿ ತಿರುಗಿಸ್ತೀರಿ, ತಣ್ಣೀರು ಬರುತ್ತೆ. ಇನ್ನೂ ತಿರುಗಿಸ್ತೀರಿ. ಆಮೇಲೆ ಒಮ್ಮೆಲೇ ಸುಡುನೀರು ಬಂದು ಕೈ ಸುಡುತ್ತೆ. ಯಾಕೆ? ನೀವು ತಿರುಗಿಸಿದ್ದಕ್ಕೂ ಫಲ ಬಂದಿದ್ದಕ್ಕೂ ನಡುವೆ ತಡ ಇದೆ. ನಾಯಿ ವ್ಯಾಪಾರದಲ್ಲೂ ಇದೇ ತಡ. ಸಿನಿಮಾ ಬಂದ ವಾರ ಎಲ್ಲರಿಗೂ ಅದೇ ತಳಿ ಬೇಕು. ಆದರೆ ನಾಯಿಯ ಗರ್ಭ ಸುಮಾರು 63 ದಿನ. ಹುಟ್ಟಿದ ಮರಿಯನ್ನು 8 ವಾರ ತುಂಬದೆ ಮಾರುವಂತಿಲ್ಲ ಅಂತ ಕಾನೂನಿದೆ. ಎರಡೂ ಸೇರಿ ನಾಲ್ಕು ತಿಂಗಳು. ನಾಲ್ಕು ತಿಂಗಳು ಕಾಯುವ ಗಿರಾಕಿ ಎಲ್ಲಿದ್ದಾನೆ? ಆಗ ಏನಾಗುತ್ತೆ? ಇರೋ ಹೆಣ್ಣು ನಾಯಿಗೇ ಬಿಡುವಿಲ್ಲದೆ ಮರಿ ಹಾಕಿಸ್ತಾರೆ. ಅಣ್ಣ ತಂಗಿ ಅಂತ ನೋಡದೆ ಕೂಡಿಸ್ತಾರೆ. ಇನ್ನೂ ತಾಯಿ ಹಾಲು ಬಿಡದ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಕೈಗೆ ಕೊಡ್ತಾರೆ.

ಎರಡನೇ ತಡ ಮನೆಯೊಳಗೆ. ಮೂರು ಕೆಜಿ ಇದ್ದಾಗ ಮುದ್ದಾಗಿದ್ದ ಲ್ಯಾಬ್ರಡಾರ್ ಒಂದೂವರೆ ವರ್ಷದಲ್ಲಿ 30 ಕೆಜಿ ಆಗುತ್ತೆ. ಸೋಫಾ ಹರಿಯುತ್ತೆ, ಚಪ್ಪಲಿ ಕಡಿಯುತ್ತೆ. ದಿನಕ್ಕೆ ಎರಡು ಸಲ ವಾಕಿಂಗ್ ಬೇಕು, ಆಗ ಮಗಳಿಗೆ ಟೆಂತ್ ಪರೀಕ್ಷೆ. ಅಪ್ಪನಿಗೆ ಟ್ರಾನ್ಸ್‌ಫರ್. ಅಷ್ಟೊತ್ತಿಗೆ ಸಿನಿಮಾ ಎಲ್ಲರಿಗೂ ಮರೆತೇ ಹೋಗಿದೆ. ಆಮೇಲೆ ಒಂದು ರಾತ್ರಿ ಕಾರಿನಲ್ಲಿ ಕೂರಿಸಿಕೊಂಡು ರಿಂಗ್ ರೋಡ್ ಆಚೆ ಹೋಗಿ ಬಾಗಿಲು ತೆಗೀತಾರೆ. ನಾಯಿ ಖುಷಿಯಿಂದ ಇಳಿಯುತ್ತೆ, ವಾಕಿಂಗ್ ಅಂದುಕೊಂಡು.

ಇದಕ್ಕೆ ಶಿಕ್ಷೆ ಏನು ಗೊತ್ತಾ? ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಹೋಗೋದು ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮತ್ತೆ ಹೇಳ್ತೀನಿ, ಐವತ್ತು ರೂಪಾಯಿ. ಮಲ್ಟಿಪ್ಲೆಕ್ಸಿನಲ್ಲಿ ಈ ದುಡ್ಡಿಗೆ ಪಾಪ್‌ಕಾರ್ನ್ ಕೂಡ ಬರಲ್ಲ. ನಾಯಿ ಮರಿ ವ್ಯಾಪಾರಕ್ಕೆ ಅಂತ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, 18 ತಿಂಗಳು ತುಂಬದ ಹೆಣ್ಣು ನಾಯಿಗೆ ಮರಿ ಹಾಕಿಸಬಾರದು, ಹೀಗೆ ಎಲ್ಲ ಇದೆ. ಕಾಗದದ ಮೇಲೆ ಚೆನ್ನಾಗೇ ಇದೆ. ನೀವು ಮರಿ ಕೊಳ್ಳೋಕೆ ಹೋದಾಗ ಒಂದೇ ಮಾತು ಕೇಳಿ ನೋಡಿ, "ನಿಮ್ಮ ನೋಂದಣಿ ಸರ್ಟಿಫಿಕೇಟ್ ತೋರಿಸಿ, ಇದರ ತಾಯಿ ನಾಯಿ ತೋರಿಸಿ" ಅಂತ. ತಾಯಿ ತೋರಿಸಲ್ಲ ಅಂದವನ ಹತ್ತಿರ ಮರಿ ಕೊಳ್ಳಬೇಡಿ.

ಈಗ ಕೆಲವರು ಕೇಳ್ತೀರಿ. "ಏನ್ ಸಾರ್, ಬೀದಿ ನಾಯಿ ಮಕ್ಕಳನ್ನು ಕಚ್ಚಿ ಎಳೆದಾಡ್ತಿದೆ, ನೀವು ನಾಯಿ ಪ್ರೀತಿ ಅಂತೀರಲ್ಲ?" ನ್ಯಾಯವಾದ ಪ್ರಶ್ನೆ. ನಮ್ಮ ಚಾನೆಲ್‌ನಲ್ಲೇ ಆ ಸುದ್ದಿ ಎಷ್ಟು ಸಲ ಓದಿದ್ದೀನಿ. 'ಓಲ್ಡ್ ಯೆಲ್ಲರ್' ಸಿನಿಮಾ ಕೂಡ ಅದೇ ಹೇಳೋದು. ಮನೆಯವರನ್ನು ಕಾಪಾಡೋಕೆ ಹೋಗಿ ಹುಚ್ಚು ತೋಳದಿಂದ ಕಚ್ಚಿಸಿಕೊಂಡ ನಾಯಿಗೆ ರೇಬೀಸ್ ಬರುತ್ತೆ, ಕೊನೆಗೆ ಅದನ್ನು ಸಾಕಿದ ಹುಡುಗನೇ ಗುಂಡು ಹೊಡೆಯಬೇಕಾಗುತ್ತೆ. ಆ ಕಥೆ ನಡೆಯೋದು 1860ರ ದಶಕದ ಟೆಕ್ಸಾಸ್‌ನಲ್ಲಿ. ಲೂಯಿ ಪಾಶ್ಚರ್ ಮನುಷ್ಯನಿಗೆ ರೇಬೀಸ್ ಲಸಿಕೆ ಕೊಟ್ಟಿದ್ದು 1885ರಲ್ಲಿ. ಆ ಹುಡುಗನಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ನಾಯಿಗೆ ಲಸಿಕೆ ಇದೆ, ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಕಚ್ಚಿದ್ರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ಅರಿಶಿನ, ಮೆಣಸಿನಪುಡಿ ಅಂತ ಹಚ್ಚಿಕೊಂಡು ಕೂರಬೇಡಿ. ಮತ್ತೆ ಇನ್ನೊಂದು ಮಾತು. ರಿಂಗ್ ರೋಡಿನಲ್ಲಿ ನಾವು ಇಳಿಸಿ ಬಂದ ನಾಯಿ ಆಪರೇಷನ್ ಆಗದೆ ಇದ್ದರೆ ಅದೂ ಮರಿ ಹಾಕುತ್ತೆ. ಬೀದಿ ನಾಯಿ ಸಮಸ್ಯೆ ಬರೀ ಬೀದಿಯಲ್ಲಿ ಹುಟ್ಟಿದ್ದಲ್ಲ, ಅದರಲ್ಲಿ ಒಂದು ಪಾಲು ನಮ್ಮ ಮನೆಯಿಂದ ಹೋಗಿದ್ದು.

ಆ ತಂದೆಗೆ ನನ್ನ ಉತ್ತರ ಇಷ್ಟೇ. ಸಾರ್, ಮಗಳ ಆಸೆ ತಪ್ಪಲ್ಲ. ಮೊದಲು ಆರು ತಿಂಗಳು ಕಾಯಿರಿ. ಆರು ತಿಂಗಳಾದ ಮೇಲೂ ಕೇಳಿದ್ರೆ ಆಗ ಅದು ಸಿನಿಮಾದ ಆಸೆ ಅಲ್ಲ, ಅವಳದ್ದೇ ಆಸೆ. ಆ ಆರು ತಿಂಗಳು ಬೆಳಿಗ್ಗೆ ಆರಕ್ಕೆ ಎದ್ದು ಅವಳ ಜೊತೆ ನೀವೂ ಅರ್ಧ ಗಂಟೆ ನಡೆಯಿರಿ. ನಾಯಿ ಬಂದ ಮೇಲೆ ಮಾಡಬೇಕಾದ್ದೇ ಅದು. ಮನೆಯಲ್ಲಿ ಹಗಲು ಯಾರಿರ್ತಾರೆ, ಊರಿಗೆ ಹೋದಾಗ ಯಾರು ನೋಡ್ಕೋತಾರೆ, ಆಸ್ಪತ್ರೆ ಖರ್ಚು ಎಷ್ಟು, ಮನೆಯವರೆಲ್ಲ ಕೂತು ಮಾತಾಡಿ. ಎಲ್ಲದಕ್ಕೂ ಉತ್ತರ ಸಿಕ್ಕಿತಾ? ಆಗ ಅಂಗಡಿಗೆ ಹೋಗಬೇಡಿ, ದತ್ತು ಕೊಡುವ ಕಡೆ ಹೋಗಿ. ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾದಂಥ ಸಂಸ್ಥೆ ಇದೆ, ಬೇರೆ ಊರುಗಳಲ್ಲೂ ಇಂಥ ಕೆಲಸ ಮಾಡೋರು ಇದ್ದಾರೆ. ಅಲ್ಲಿ ನಾಟಿ ಮರಿಗಳೂ ಇರ್ತವೆ, ಯಾರೋ ಕೈಬಿಟ್ಟ ಲ್ಯಾಬ್ರಡಾರೂ ಇರುತ್ತೆ. ಮಗಳಿಗೆ ಚಾರ್ಲಿಯೇ ಬೇಕು ಅಂದ್ರಲ್ಲ, ನಿಜವಾದ ಚಾರ್ಲಿ ಇರೋದೇ ಅಲ್ಲಿ. ಧರ್ಮ ಚಾರ್ಲಿಗೆ ದುಡ್ಡು ಕೊಟ್ಟು ತಂದಿರಲಿಲ್ಲ, ನೆನಪಿರಲಿ.

ನಾವು ಜಾತಿ ನಾಯಿ, ಬೀದಿ ನಾಯಿ ಅಂತೀವಿ. ಈ ದೇಶದಲ್ಲಿ ಮನುಷ್ಯರಿಗೆ ಸಾಲದು ಅಂತ ನಾಯಿಗೂ ಜಾತಿ ನೋಡಿ ಮನೆಯೊಳಗೆ ಬಿಟ್ಟುಕೊಳ್ತೀವಿ. ಜಾತಿ ನಾಯಿಯಾದ್ರೂ ಸುಖವಾಗಿದೆಯಾ ಅಂದ್ರೆ, ಅದನ್ನೂ ಒಂದೂವರೆ ವರ್ಷಕ್ಕೆ ಬೀದಿಗೆ ಇಳಿಸ್ತೀವಿ. ಆಗ ಅದಕ್ಕೆ ಬೀದಿಯಲ್ಲಿ ಬದುಕೋಕೂ ಬರಲ್ಲ.

ಕೊನೆಗೊಂದು ಮಾತು. ಮುಂದಿನ ಸಲ ಯಾವುದಾದ್ರೂ ಸಿನಿಮಾದಲ್ಲಿ ಒಂದು ನಾಯಿ ನೋಡಿ ನಿಮಗೆ ಅಳು ಬಂದ್ರೆ, ಅಳಿ. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಅವತ್ತು ರಾತ್ರಿ ಮನೆಗೆ ಹೋಗುವಾಗ ಗೇಟ್ ಹತ್ತಿರ ಮಲಗಿರೋ ನಾಯಿಯನ್ನು ಕಾಲಿನಿಂದ ಒದೆಯಬೇಡಿ. ಒಂದು ಬಟ್ಟಲು ನೀರು ಇಡಿ. ಅದರ ಕಿವಿಯ ತುದಿ ಕತ್ತರಿಸಿದೆಯಾ ನೋಡಿ. ಕತ್ತರಿಸಿದ್ರೆ ಆಪರೇಷನ್ ಆಗಿದೆ ಅಂತ ಗುರುತು. ಇಲ್ಲದಿದ್ರೆ ಬೆಳಿಗ್ಗೆ ಪಾಲಿಕೆಗೋ ಪಂಚಾಯಿತಿಗೋ ಒಂದು ಫೋನ್ ಮಾಡಿ. ಫೋನ್ ಎತ್ತಲಿಲ್ಲ ಅಂದ್ರೆ ನಮಗೆ ಮಾಡಿ, ಯಾಕೆ ಎತ್ತಲಿಲ್ಲ ಅಂತ ನಾವು ಕೇಳ್ತೀವಿ.